ಊರ ಹೋಟೆಲಿನ ಲೆಕ್ಕ: ದಾವಣಗೆರೆಯಲ್ಲಿ ಹೊರಗೆ ಉಣ್ಣುವುದರ ಕುರಿತು

(ವಾಣಿಜ್ಯ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ದಾವಣಗೆರೆಯ ಹೋಟೆಲುಗಳ ಬಗ್ಗೆ ಮಾತನಾಡಲು ಅಡುಗೆ ಬಲ್ಲವರನ್ನು ಬಿಟ್ಟು ತೆರಿಗೆ ಸಲಹೆಗಾರನಾದ ನನ್ನನ್ನೇಕೆ ಕರೆದರೆಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಸಣ್ಣ ಹೋಟೆಲುಗಳ ಖರೀದಿ ಚೀಟಿ, ಬಾಡಿಗೆ ಕರಾರು, ಸಿಲಿಂಡರ್ ಬಿಲ್ಲು, ಸಂಬಳದ ಪುಸ್ತಕ ಇವುಗಳನ್ನು ನೋಡುತ್ತ ಬಂದವನಿಗೆ ದೋಸೆಯ ರುಚಿಯ ಬಗ್ಗೆ ತಮಗಿಂತ ಹೆಚ್ಚೇನೂ ಗೊತ್ತಿರುವುದಿಲ್ಲ. ಆದರೆ ಅದೇ ದೋಸೆ ಇನ್ನೈದು ವರ್ಷ ಅದೇ ಹಂಚಿನ ಮೇಲೆ ಏಳುತ್ತದೆಯೇ ಎಂಬ ಬಗ್ಗೆ ಒಂದಿಷ್ಟು ಹೇಳಬಲ್ಲೆ. ನನ್ನ ವಾದ ಇಷ್ಟೇ: ಊರಿನವರೇ ಇಟ್ಟುಕೊಂಡ ಹೋಟೆಲು ನಿಂತಿರುವುದು ಬಹಳ ಬಿಗಿಯಾದ ಒಂದು ಲೆಕ್ಕದ ಮೇಲೆ, ಊರಿನವರ ಅಭಿಮಾನಕ್ಕೆ ಅದರಲ್ಲಿ ಪಾಲು ಕಡಿಮೆ, ಗಿರಾಕಿಗಳಾದ ನಾವು, ಕೆಟ್ಟ ಉದ್ದೇಶವೇನೂ ಇಲ್ಲದೆಯೇ, ಆ ಲೆಕ್ಕವನ್ನು ಕೆಡಿಸುತ್ತಿದ್ದೇವೆ.

ಮೊದಲು ಊರಿನ ಅಳತೆಯನ್ನು ಗಮನಿಸೋಣ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಬೆಂಗಳೂರಿನಲ್ಲಿ ಒಬ್ಬ ಗಿರಾಕಿ ಮುನಿಸಿಕೊಂಡು ಹೋದರೆ ಆ ಜಾಗಕ್ಕೆ ಇನ್ನೊಬ್ಬ ಹೊಸಬ ಬರುತ್ತಾನೆ. ಸಣ್ಣ ಹಳ್ಳಿಯಲ್ಲಿ ಹೊರಗೆ ಉಣ್ಣುವವರೇ ಕಡಿಮೆ. ನಡುಗಾತ್ರದ ಊರಿನಲ್ಲಿ ಎರಡೂ ಅಲ್ಲ. ಇಲ್ಲಿ ಉಣ್ಣುವವರು ಬೇಕಾದಷ್ಟಿದ್ದಾರೆ, ಆದರೆ ಮತ್ತೆ ಮತ್ತೆ ಬರುವವರು ಅದೇ ಜನ. ಹಾಗಾಗಿ ಹೋಟೆಲಿನ ಆದಾಯಕ್ಕೆ ಒಂದು ನೆಲ ಇರುವಂತೆಯೇ ಒಂದು ಚಾವಣಿಯೂ ಇದೆ. ಹತ್ತಿಯ ಗಿರಣಿಗಳ ಕಾಲದಲ್ಲಿ, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದಾಗ, ಪಾಳಿ ಮುಗಿಸಿ ಹೊರಬರುವ ಕಾರ್ಮಿಕರು, ದಲಾಲಿ ಅಂಗಡಿಗಳಿಗೆ ಮಾಲು ತಂದ ರೈತರು, ಪಿ.ಬಿ. ರಸ್ತೆಯಲ್ಲಿ ಪುಣೆಗೋ ಬೆಂಗಳೂರಿಗೋ ಸಾಗುವ ಲಾರಿಯವರು ಹೋಟೆಲುಗಳನ್ನು ಸಾಕಿದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹೆದ್ದಾರಿ ಬೈಪಾಸಿನಲ್ಲಿ ಊರ ಹೊರಗೆ ಹೋಯಿತು. ಆ ಜಾಗವನ್ನು ತುಂಬಿದವರು ವಿದ್ಯಾರ್ಥಿಗಳು. 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಈ ಊರಿನ ಹಸಿವಿನ ವೇಳಾಪಟ್ಟಿಯೇ ಬದಲಾಯಿತೆಂದರೆ ತಪ್ಪಾಗದು. ಗಿರಣಿಯವನು ಬೆಳಗಿನ ಆರಕ್ಕೆ ತಿಂಡಿ ಕೇಳುತ್ತಿದ್ದ. ಹಾಸ್ಟೆಲ್ಲಿನ ಹುಡುಗ ರಾತ್ರಿ ಹತ್ತಕ್ಕೆ ಕೇಳುತ್ತಾನೆ.

ಇನ್ನು ಈ ಊರಿಗೆ ಹೆಸರು ತಂದ ದೋಸೆಗೆ ಬರೋಣ. ಪ್ರಚಲಿತವಿರುವ ಕಥೆಯಂತೆ, 1928ರ ಸುಮಾರಿಗೆ ಚೆನ್ನಮ್ಮ ಎಂಬ ಹೆಣ್ಣುಮಗಳು ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ಇಲ್ಲಿಗೆ ಬಂದು, ನಾಟಕ ಥಿಯೇಟರೊಂದರ ಬಳಿ ರಾಗಿ ಹಿಟ್ಟಿನ ದೋಸೆ ಹಾಕಿ ಮಾರುತ್ತಿದ್ದರು; ಹತ್ತು ವರ್ಷದ ನಂತರ ಅವರ ಮಕ್ಕಳು ರಾಗಿಯನ್ನು ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟು ಬಳಸಿ, ಮೇಲೆ ಬೆಣ್ಣೆ ಹಾಕಲು ತೊಡಗಿದರು. ಈ ಕಥೆಯಲ್ಲಿ ವ್ಯಾಪಾರದ ದೃಷ್ಟಿಯಿಂದ ಗಮನಿಸಬೇಕಾದದ್ದು ಗಿರಾಕಿಗಳು ಯಾರೆಂಬುದು. ನಾಟಕಕ್ಕೆ ಬಂದವರು, ಅಂದರೆ ಆಗಲೇ ಮನೆಯಿಂದ ಹೊರಗೆ ಕಾಲಿಟ್ಟವರು, ಕೈಯಲ್ಲಿ ನಾಲ್ಕು ಕಾಸು ಇರುವವರು, ಬೇಗ ತಿಂದು ಒಳಗೆ ಹೋಗಬೇಕಾದವರು. ಬೇಗ ಆಗುವ, ಹೊಟ್ಟೆ ತುಂಬುವ, ಒಂದೇ ಹಂಚಿನಲ್ಲಿ ಮುಗಿಯುವ ತಿಂಡಿ ಅಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ.

ಇಂದಿಗೂ ಹಳೆಯ ಕ್ರಮದ ಬೆಣ್ಣೆ ದೋಸೆ ಹೋಟೆಲಿನ ಅಡುಗೆಮನೆಯಲ್ಲಿ ನಿಂತು ನೋಡಿದರೆ ಆ ಲೆಕ್ಕ ಕಣ್ಣಿಗೆ ಕಾಣುತ್ತದೆ. ಸೌದೆ ಒಲೆಯ ಮೇಲೆ ದಪ್ಪನೆಯ ದೊಡ್ಡ ಹಂಚು. ಭಟ್ಟರು ಅದರ ಮೇಲೆ ನೀರು ಚಿಮುಕಿಸಿ, ಪೊರಕೆಯಿಂದ ಒಮ್ಮೆ ಸವರಿ, ಚೊರ್ ಎಂಬ ಸದ್ದು ಅಡಗುವುದರೊಳಗೆ ಹಿಟ್ಟನ್ನು ಸಾಲಾಗಿ ಹುಯ್ದು ಹರಡುತ್ತಾರೆ. ಬೆಣ್ಣೆ ಬೀಳುತ್ತದೆ, ಅಂಚು ಕೆಂಪಾಗುತ್ತದೆ, ಒಳಭಾಗ ಮೆತ್ತಗೆ ಉಳಿಯುತ್ತದೆ. ಆಲೂಗಡ್ಡೆ ಪಲ್ಯ ಅರಿಸಿನವಿಲ್ಲದೆ ಬಿಳಿಯಾಗಿಯೇ ಇರುತ್ತದೆ, ತೆಂಗಿನಕಾಯಿ ಚಟ್ನಿ ನೀರಾಗಿ, ಹಸಿಮೆಣಸಿನ ಖಾರದಲ್ಲಿ ಇರುತ್ತದೆ, ಸಾಂಬಾರು ಕೇಳಿದವನನ್ನು ಹೊರಊರಿನವನೆಂದು ಗುರುತಿಸಲಾಗುತ್ತದೆ. ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ದೋಸೆ. ಇಡೀ ಪಟ್ಟಿ ಇಷ್ಟರಲ್ಲಿ ಮುಗಿಯಿತು.

ಪಟ್ಟಿ ಹೀಗೆ ಗಿಡ್ಡವಾಗಿರುವುದರಿಂದ ಏನಾಗುತ್ತದೆಂದು ನೋಡಿ. ಕೊಳ್ಳಬೇಕಾದ ಸಾಮಾನು ಕೈಬೆರಳಲ್ಲಿ ಎಣಿಸುವಷ್ಟು. ರಾತ್ರಿ ರುಬ್ಬಿದ ಹಿಟ್ಟು ಮಧ್ಯಾಹ್ನದೊಳಗೆ ತೀರುತ್ತದೆ, ಆದ್ದರಿಂದ ಉಳಿಕೆಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವ ಖರ್ಚಿಲ್ಲ, ಚೆಲ್ಲುವ ನಷ್ಟವಿಲ್ಲ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಅಡುಗೆಯವರು ಬೇಡ. ಗಿರಾಕಿ ಕೂತ ಹತ್ತು ನಿಮಿಷದಲ್ಲಿ ತಟ್ಟೆ ಬರುತ್ತದೆ, ಇನ್ನು ಹತ್ತು ನಿಮಿಷದಲ್ಲಿ ಆತ ಕೈ ತೊಳೆಯುತ್ತಾನೆ, ಆ ಜಾಗಕ್ಕೆ ಹಿಂದೆ ನಿಂತು ಕಾಯುತ್ತಿದ್ದವನು ಕೂರುತ್ತಾನೆ. ನಾಲ್ಕು ಮೇಜಿನ ಹೋಟೆಲು ಹನ್ನೆರಡು ಮೇಜಿನ ಹೋಟೆಲಿನಷ್ಟು ವ್ಯಾಪಾರ ಮಾಡುವುದು ಹೀಗೆ. ಗಲ್ಲಾಪೆಟ್ಟಿಗೆಯಲ್ಲಿ ಯಜಮಾನರು, ಒಳಗೆ ಅವರ ತಮ್ಮನೋ ಮಗನೋ, ಚಟ್ನಿಗೆ ಮನೆಯ ಹೆಂಗಸರು. ಇವರಲ್ಲಿ ಯಾರ ಸಂಬಳವೂ ನನ್ನ ಪುಸ್ತಕದಲ್ಲಿ ಕಾಣಿಸುವುದಿಲ್ಲ. ಕಟ್ಟಡ ಸ್ವಂತದ್ದಾಗಿದ್ದರೆ ಬಾಡಿಗೆಯೂ ಕಾಣಿಸುವುದಿಲ್ಲ. ಈ ಎರಡು ಖರ್ಚನ್ನು ನ್ಯಾಯವಾಗಿ ಬರೆದುಕೊಂಡರೆ ಊರಿನ ಅನೇಕ ಪ್ರಸಿದ್ಧ ಹೋಟೆಲುಗಳು ಲಾಭದಲ್ಲಿವೆಯೇ ಎಂಬುದು ನನಗೆ ಸಂದೇಹ.

ದೋಸೆಯಷ್ಟೇ ಊರಲ್ಲ. ಸಂಜೆ ರಾಂ ಅಂಡ್ ಕೋ ವೃತ್ತದ ಕಡೆ ಹೋದರೆ ಮಂಡಕ್ಕಿ, ಮಿರ್ಚಿಯೇ ಮುಖ್ಯ ಆಹಾರವೆಂದು ಅನ್ನಿಸುವುದು ಸಹಜ. ಆ ಮಂಡಕ್ಕಿ ಎಲ್ಲಿಯದು? ಇದೇ ಊರಿನ ಭಟ್ಟಿಗಳದ್ದು. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ, ಹೊಗೆ ಮತ್ತು ಕಾದ ಮರಳಿನ ನಡುವೆ ದುಡಿಯುವ ಭಟ್ಟಿ ಕಾರ್ಮಿಕರ ಕೈಯಲ್ಲಿ ಮಂಡಕ್ಕಿಯಾಗಿ, ಚೀಲಗಳಲ್ಲಿ ತಳ್ಳುಗಾಡಿಗೆ ಬರುತ್ತದೆ. ಒಗ್ಗರಣೆ ಮಂಡಕ್ಕಿಯ ಒಂದು ತಟ್ಟೆಗೆ ನಾವು ಕೊಡುವ ಹಣ ರೈತ, ಗಿರಣಿ, ಭಟ್ಟಿ, ಗಾಡಿ ಎಂದು ನಾಲ್ಕು ಕೈ ದಾಟಿದರೂ ತಾಲ್ಲೂಕಿನ ಗಡಿ ದಾಟಿರುವುದಿಲ್ಲ. ಸ್ಥಳೀಯ ಹೋಟೆಲಿನಲ್ಲಿ ತಿಂದರೆ ಹಣ ಊರಲ್ಲೇ ಉಳಿಯುತ್ತದೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಎಲ್ಲ ಹೋಟೆಲಿಗೂ ಅನ್ವಯಿಸದು, ಏಕೆಂದರೆ ಊರಿನವರದೇ ಹೋಟೆಲಾದರೂ ಹೊರಗಿನಿಂದ ಬಂದ ಹೆಪ್ಪುಗಟ್ಟಿದ ಬಟಾಣಿ, ಪ್ಯಾಕೆಟ್ ಮಸಾಲೆ, ಬಾಟಲಿ ಸಾಸುಗಳ ಮೇಲೆ ನಡೆಯುವುದಾದರೆ ಊರಿಗೆ ಉಳಿಯುವುದು ಕೂಲಿ ಮಾತ್ರ. ಮಂಡಕ್ಕಿಯ ಮಟ್ಟಿಗೆ ಮಾತ್ರ ಅದು ಅಕ್ಷರಶಃ ನಿಜ.

ಖಾನಾವಳಿಗಳ ಲೆಕ್ಕ ಇನ್ನೊಂದು ಬಗೆಯದು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು ಇವುಗಳ ಊಟಕ್ಕೆ ಇಷ್ಟೆಂದು ಒಂದೇ ದರ. ಪಲ್ಯ ಎಷ್ಟು ಸಲ ಬೇಕಾದರೂ ಬರುತ್ತದೆ. ಹೊಟ್ಟೆ ತುಂಬ ಉಣ್ಣುವ ಹಮಾಲಿಯ ಊಟಕ್ಕೆ ಅರ್ಧ ಊಟ ಬಿಟ್ಟೇಳುವ ಗುಮಾಸ್ತನ ಹಣ ಸೇರಿ ಸರಿದೂಗಬೇಕು. ರೊಟ್ಟಿಯನ್ನು ಅನೇಕ ಖಾನಾವಳಿಗಳು ಮನೆಗಳಲ್ಲಿ ಬಡಿದುಕೊಡುವ ಹೆಂಗಸರಿಂದ ಎಣಿಕೆಯ ಮೇಲೆ ಕೊಳ್ಳುತ್ತವೆ. ಬಡಿಯುವ ಕೈಗಳು ಕಡಿಮೆಯಾಗುತ್ತಿವೆ ಎಂಬುದು ಖಾನಾವಳಿಯವರ ಮಾತು. ಆ ಕೈಗೆ ಸಿಗುವ ಕೂಲಿಯನ್ನು ನೋಡಿದರೆ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಹಳೆಯ ಹೋಟೆಲುಗಳನ್ನು ಹೊಗಳುವ ಭರದಲ್ಲಿ ಕೆಲವು ವಿಷಯ ಮರೆಯಬಾರದು. ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಉಪವಿಧಿ, ಜಾತಿ ಧರ್ಮಗಳ ಕಾರಣಕ್ಕೆ ಯಾರನ್ನೂ ತಡೆಯಬಾರದ ಸ್ಥಳಗಳನ್ನು ಹೇಳುವಾಗ ಅಂಗಡಿಗಳ ಜೊತೆಗೆ ಸಾರ್ವಜನಿಕ ಉಪಾಹಾರ ಗೃಹ ಮತ್ತು ಹೋಟೆಲುಗಳನ್ನು ಹೆಸರಿಸಿಯೇ ಹೇಳಿದೆ. ಹೆಸರಿಸಬೇಕಾಗಿ ಬಂತು ಎನ್ನುವುದೇ ಆ ಕಾಲದ ಹೋಟೆಲಿನ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ತಿಳಿಸುತ್ತದೆ. ಇಂಥ ಜಾತಿಯವರ ಹೋಟೆಲು, ಖಾನಾವಳಿ ಎಂದು ಬರೆದ ಬೋರ್ಡುಗಳು ನಮ್ಮ ಊರುಗಳಿಂದ ಪೂರ್ತಿ ಮರೆಯಾಗಿಲ್ಲ. ಎರಡನೆಯದು, ಲೋಟ ತೊಳೆದು ಮೇಜು ಒರೆಸುತ್ತಿದ್ದ ಹುಡುಗರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಚಹಾ ಅಂಗಡಿಗಳಲ್ಲಿ ದುಡಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅಂದರೆ, ಆಗ ಎಷ್ಟು ಅಗ್ಗವಾಗಿ ತಿನ್ನುತ್ತಿದ್ದೆವು ಎಂದು ಹಿರಿಯರು ನೆನಪಿಸಿಕೊಳ್ಳುವ ಆ ಅಗ್ಗದಲ್ಲಿ ಶಾಲೆ ಬಿಟ್ಟ ಮಗುವಿನ ದುಡಿಮೆಯೂ ಸೇರಿತ್ತು. ಅದೇ ದರ ಮತ್ತೆ ಬರಲಿ ಎಂದು ಬಯಸುವವರು ಈ ಮಾತನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಹೆಣ್ಣುಮಕ್ಕಳಿಗಂತೂ ಪರದೆ ಎಳೆದ ‘ಫ್ಯಾಮಿಲಿ ರೂಂ’ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಇವತ್ತು ಕಾಲೇಜಿನ ನಾಲ್ಕು ಹುಡುಗಿಯರು ಗಂಡಸರ ನಡುವಿನ ಮೇಜಿನಲ್ಲೇ ಕೂತು ಓಪನ್ ದೋಸೆ ತರಿಸಿಕೊಳ್ಳುವುದನ್ನು ನೋಡಿದಾಗ, ಹೋಟೆಲು ಕೆಟ್ಟಿತು ಎಂಬ ಹಳಹಳಿಕೆಯಲ್ಲಿ ನಾನು ದನಿಗೂಡಿಸಲಾರೆ.

ಈಗ ತೆರಿಗೆಯ ಮಾತು. ಸೇವೆ ಒದಗಿಸುವವರು ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟು ಮಾಡಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಇಪ್ಪತ್ತು ಲಕ್ಷ ಎಂದರೆ ದೊಡ್ಡ ಮೊತ್ತವೆಂದು ತೋರುತ್ತದೆ. 365ರಿಂದ ಭಾಗಿಸಿ ನೋಡಿ: ದಿನಕ್ಕೆ ಸುಮಾರು 5,500 ರೂಪಾಯಿ. ತಟ್ಟೆಗೆ 60 ರೂಪಾಯಿಯಂತೆ ದಿನಕ್ಕೆ ತೊಂಬತ್ತೆರಡು ದೋಸೆ ಮಾರಿದವನು ಆ ಗೆರೆ ದಾಟಿದಂತೆ. ಇದು ವಹಿವಾಟಿನ ಮೊತ್ತ, ಲಾಭವಲ್ಲ. ಸೌದೆ, ಬೆಣ್ಣೆ, ಅಕ್ಕಿ, ಕೂಲಿ ಎಲ್ಲವೂ ಇದರೊಳಗೇ ಆಗಬೇಕು. ನಗದಿನ ಕಾಲದಲ್ಲಿ ಈ ಗೆರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಯುಪಿಐ ಬಂದ ಮೇಲೆ ಬಿತ್ತು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಅನೇಕ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ಅಂಟಿದ್ದು ತಮಗೆ ನೆನಪಿರಬಹುದು. ಪ್ರತಿಭಟನೆಯ ನಂತರ ಹಳೆಯ ಬಾಕಿಯ ವಿಷಯದಲ್ಲಿ ಸರ್ಕಾರ ಪಟ್ಟು ಸಡಿಲಿಸಿತು. ನನ್ನ ಅಭಿಪ್ರಾಯವನ್ನು ಕೇಳಿದರೆ, ಇಲಾಖೆ ಕಾನೂನಿನ ಪ್ರಕಾರವೇ ನಡೆದಿತ್ತು, ಆದರೆ ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಬಾಗಿಲು ಬಡಿಯುವ ಕ್ರಮ ಸರಿಯಲ್ಲ. ನೋಂದಣಿಯಾದ ಸಾಮಾನ್ಯ ಹೋಟೆಲಿಗೆ 2017ರ ನವೆಂಬರ್‌ನಿಂದ ಶೇ. 5ರ ದರವಿದೆ, ಅದರ ಜೊತೆಗೆ, ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವಂತಿಲ್ಲ ಎಂಬ ಷರತ್ತೂ ಇದೆ. ಹತ್ತೊಂಬತ್ತು ಕಿಲೋದ ವಾಣಿಜ್ಯ ಸಿಲಿಂಡರಿನ ಮೇಲಿನ ಶೇ. 18 ತೆರಿಗೆ ಹೋಟೆಲಿನವನ ತಲೆಯ ಮೇಲೆಯೇ ಕೂರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪದ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದದ್ದು ಈ ಊರಿನ ಮಟ್ಟಿಗೆ ಒಳ್ಳೆಯ ಸುದ್ದಿ.

ಮನೆ ಬಾಗಿಲಿಗೆ ತಿಂಡಿ ತರಿಸುವ ಆ್ಯಪ್‌ಗಳ ವಿಷಯದಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ, ಏಕೆಂದರೆ ಇಲ್ಲಿರುವ ವಿದ್ಯಾರ್ಥಿಗಳಿಗೆ ಇದು ಹತ್ತಿರದ ವಿಷಯ. ದೋಸೆಗೆ 70 ರೂಪಾಯಿ ಎಂದಿಟ್ಟುಕೊಳ್ಳಿ. ಆ್ಯಪ್‌ನವರ ಕಮಿಷನ್ನು ನೂರಕ್ಕೆ ಇಪ್ಪತ್ತೈದು ಎಂದು ಹಿಡಿದರೆ 17 ರೂಪಾಯಿ 50 ಪೈಸೆ ಹೋಯಿತು. ಆ ಕಮಿಷನ್ನಿನ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 3 ರೂಪಾಯಿ 15 ಪೈಸೆ. ಡಬ್ಬಿ, ಚಟ್ನಿಯ ಪೊಟ್ಟಣಕ್ಕೆ 6 ರೂಪಾಯಿ. ಯಜಮಾನರ ಕೈಗೆ ಬಂದದ್ದು ಸುಮಾರು 43 ರೂಪಾಯಿ. ಕೂತು ತಿಂದವನಿಂದ ಬಂದದ್ದು 70. ಮೇಜು ಒರೆಸುವ ಖರ್ಚು ಉಳಿಯಿತಲ್ಲ ಎಂದು ವಾದಿಸಬಹುದು. ಆದರೆ ಈ ಹೋಟೆಲುಗಳ ಇಕ್ಕಟ್ಟು ಮೇಜಿನಲ್ಲಿ ಮಾತ್ರವಿಲ್ಲ, ಹಂಚಿನಲ್ಲಿಯೂ ಇದೆ. ಬೆಳಗಿನ ಎಂಟೂವರೆಗೆ ಹಂಚಿನ ಮೇಲಿರುವ ಪ್ರತಿಯೊಂದು ದೋಸೆಗೂ ಹೊರಗೆ ಒಬ್ಬ ಗಿರಾಕಿ ಕಾಯುತ್ತಿರುತ್ತಾನೆ. ಅದೇ ಹೊತ್ತಿಗೆ 43 ರೂಪಾಯಿಯ ದೋಸೆಯನ್ನು ಡಬ್ಬಿಗೆ ಹಾಕಿ ಕಳಿಸಿದರೆ 70 ರೂಪಾಯಿಯ ಗಿರಾಕಿಯನ್ನು ಇನ್ನಷ್ಟು ಹೊತ್ತು ನಿಲ್ಲಿಸಿದಂತಾಯಿತು. ಹಾಗೆಂದು ಆ್ಯಪ್‌ನಲ್ಲಿ ದರ 95 ಎಂದು ಏರಿಸಿದರೆ, ಒಂದೇ ದೋಸೆಗೆ ಎರಡು ಬೆಲೆಯೇ ಎಂದು ಗಿರಾಕಿ ಜಗಳಕ್ಕೆ ಬರುತ್ತಾನೆ. ಇನ್ನೊಂದು ಸೂಕ್ಷ್ಮವಿದೆ. 2022ರ ಜನವರಿ 1ರಿಂದ, ಆ್ಯಪ್ ಮೂಲಕ ಹೋದ ಊಟದ ಮೇಲಿನ ತೆರಿಗೆಯನ್ನು ಆ್ಯಪ್‌ನವರೇ ಕಟ್ಟಬೇಕು. ಆದ್ದರಿಂದ ನೋಂದಣಿಯ ಅಗತ್ಯವೇ ಇಲ್ಲದ ಪುಟ್ಟ ಹೋಟೆಲಿನ ದೋಸೆಗೂ ಅಲ್ಲಿ ಶೇ. 5 ಸೇರುತ್ತದೆ, ಇಲ್ಲಿ ಸೇರುವುದಿಲ್ಲ. ಇಷ್ಟೆಲ್ಲ ಆಗಿ ಡಬ್ಬಿ ತೆರೆದಾಗ ಬೆಣ್ಣೆ ಗಟ್ಟಿಯಾಗಿ, ಹಬೆಗೆ ಅಂಚು ಮೆತ್ತಗಾಗಿ, ಚಟ್ನಿ ಒಂದು ಮೂಲೆಗೆ ಸೋರಿರುತ್ತದೆ. ಆಗ ಒಂದು ನಕ್ಷತ್ರ ಬೀಳುವುದು ಹೋಟೆಲಿಗೆ. ಬಿರಿಯಾನಿ, ಪಲಾವಿನಂಥ ತಿನಿಸು ಈ ಪ್ರಯಾಣವನ್ನು ತಾಳಿಕೊಳ್ಳುತ್ತದೆ, ಅವನ್ನು ಮಾರುವವರಿಗೆ ಆ್ಯಪ್‌ನಿಂದ ನಿಜಕ್ಕೂ ಲಾಭವಾಗಿದೆ. ದೋಸೆ ತಾಳುವುದಿಲ್ಲ.

ಆ್ಯಪ್‌ನ ಇನ್ನೊಂದು ಪರಿಣಾಮ ಪಟ್ಟಿ ಉದ್ದವಾಗುತ್ತಿರುವುದು. ಮೂರು ತಿನಿಸಿನ ಹೋಟೆಲು ಪರದೆಯ ಮೇಲೆ ಬಡವಾಗಿ ಕಾಣುತ್ತದೆಂದು ಪನ್ನೀರು, ನೂಡಲ್ಸು, ಗೋಬಿ ಮಂಚೂರಿ ಸೇರಿಸುತ್ತಾರೆ. ಜೊತೆಗೆ ಫ್ರಿಜ್ಜು ಬರುತ್ತದೆ, ಎರಡನೆಯ ಒಲೆ, ಎರಡನೆಯ ಅಡುಗೆಯವರು, ಉಳಿಕೆ, ನಷ್ಟ ಎಲ್ಲವೂ ಬರುತ್ತವೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು, ಜೂನಿನಲ್ಲಿ ಕಬಾಬಿನ ಬಣ್ಣವನ್ನು. 2025ರ ಆರಂಭದಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುವುದನ್ನು. ಈ ಮೂರು ಕ್ರಮಗಳೂ ಅಗತ್ಯವಾಗಿದ್ದವು. ಆದರೆ ಬಟ್ಟೆ ಒಗೆಯುವ ಒಬ್ಬ ಆಳಿನ ಖರ್ಚು ಉಳಿಸಲು ಪ್ಲಾಸ್ಟಿಕ್ಕಿಗೆ ಹೋದವನ ಲೆಕ್ಕವೇನಿತ್ತು ಎಂಬುದನ್ನೂ ವಾಣಿಜ್ಯ ವಿದ್ಯಾರ್ಥಿಗಳಾದ ತಾವು ಕೇಳಬೇಕು. ಇಡ್ಲಿಗೆ ಐದು ರೂಪಾಯಿ ಹೆಚ್ಚು ಕೊಡಲು ನಾವು ಸಿದ್ಧರಿದ್ದೆವೇ?

ಹೋಟೆಲಿಗರು ಬೆಲೆ ಏರಿಸಲು ಹೆದರುತ್ತಾರೆ. ಬೆಲೆ ಏರಿಸಿದರೆ ಗಿರಾಕಿ ಗಲ್ಲಾದ ಮುಂದೆ ನಿಂತು ಬೈಯುತ್ತಾನೆ. ಬೆಣ್ಣೆ ಇಳಿಸಿದರೆ ಏನೂ ಹೇಳದೆ ಹೋಗುತ್ತಾನೆ. ಬೈಗುಳ ಕಿವಿಗೆ ಕೇಳುವುದರಿಂದ ಯಜಮಾನರು ಬೆಣ್ಣೆಯನ್ನೇ ಇಳಿಸುತ್ತಾರೆ. ಹೀಗೆ ಸದ್ದಿಲ್ಲದೆ ಗಿರಾಕಿಗಳನ್ನು ಕಳೆದುಕೊಂಡ ಹೋಟೆಲುಗಳ ಪುಸ್ತಕಗಳು ನನ್ನ ಕಪಾಟಿನಲ್ಲಿವೆ. ನಿತ್ಯದ ಗಿರಾಕಿಗೆ ಒಂದು ಜವಾಬ್ದಾರಿ ಇದೆಯೆಂದರೆ ಅದು ಹೊಗಳುವುದಲ್ಲ, ಪಲ್ಯ ನಿನ್ನೆಯಂತಿಲ್ಲ ಎಂದು ಗಲ್ಲಾದಲ್ಲೇ ಹೇಳಿ, ಮರುದಿನ ಮತ್ತೆ ಬರುವುದು. ಅಂತರ್ಜಾಲದಲ್ಲಿ ಬರೆದು ಹೋಗುವುದು ಸುಲಭ. ಯಜಮಾನರಲ್ಲಿ ಅರ್ಧ ಜನ ಅದನ್ನು ಓದುವುದೇ ಇಲ್ಲ.

ಪ್ರಶ್ನೋತ್ತರದ ವೇಳೆ ಒಬ್ಬರು, ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಕಾಣುತ್ತದೆ, ಧಾರವಾಡ ಪೇಡೆಗಿರುವಂತೆ ಇದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ತರಬಾರದೇ ಎಂದು ಕೇಳಿದರು. ತರಬಹುದು, ತಂದರೆ ಸಂತೋಷವೇ. ಆದರೆ ಪೇಡೆ ಪೆಟ್ಟಿಗೆಯಲ್ಲಿ ಊರೂರಿಗೆ ಹೋಗುವ ಸರಕು, ಆದ್ದರಿಂದ ಹೆಸರಿನ ರಕ್ಷಣೆಗೆ ಅಲ್ಲಿ ಬೆಲೆಯಿದೆ. ದೋಸೆ ಹಂಚಿನಿಂದ ಆರು ಮಾರು ದೂರದಲ್ಲಿ ಮುಗಿಯುವ ಸರಕು. ಬೆಂಗಳೂರಿನ ಬೋರ್ಡು ತೆಗೆಸಿದರೆ ಇಲ್ಲಿಯ ಹೋಟೆಲಿಗೆ ಒಂದು ತಟ್ಟೆಯೂ ಹೆಚ್ಚು ಹೋಗುವುದಿಲ್ಲ. ಅಷ್ಟೇ ಅಲ್ಲ, ಆ ಬೋರ್ಡುಗಳಲ್ಲಿ ಕೆಲವು ಇಲ್ಲಿಂದ ಹೋದವರದೇ.

ಇಲ್ಲಿಯ ಹೋಟೆಲಿಗೆ ಅದಕ್ಕಿಂತ ಹೆಚ್ಚು ಉಪಯೋಗವಾಗುವುದು ಒಂದು ಕಾಗದ. ನಮ್ಮ ಊರಿನ ಬಹುತೇಕ ಮಳಿಗೆಗಳು ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ನಡೆಯುತ್ತವೆ, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು, ಮುದ್ರಾಂಕ ಶುಲ್ಕವನ್ನೂ ಹೆಚ್ಚು ಕಟ್ಟಬೇಕು. ಬಟ್ಟೆ ಅಂಗಡಿಯವನು ಹನ್ನೊಂದು ತಿಂಗಳಿಗೆ ಗಂಟುಮೂಟೆ ಕಟ್ಟಬಲ್ಲ. ಒಲೆ ಕಟ್ಟಿಸಿ, ಹೊಗೆಕೊಳವೆ ಎತ್ತಿಸಿ, ಕೈ ತೊಳೆಯುವ ಜಾಗ ಮಾಡಿಸಿ, ಈ ತಿರುವಿನಲ್ಲಿ ಇಂಥ ಹೋಟೆಲಿದೆ ಎಂದು ಊರಿಗೆ ರೂಢಿ ಮಾಡಿಸಲು ವರ್ಷಗಳನ್ನು ತೆತ್ತವನಿಗೆ ಅದು ಸಾಧ್ಯವಿಲ್ಲ. ವ್ಯಾಪಾರ ಕುದುರಿದ್ದನ್ನು ಕಂಡೇ ಮಾಲೀಕರು ಬಾಡಿಗೆ ಏರಿಸುತ್ತಾರೆ, ಒಪ್ಪದಿದ್ದರೆ ಕರಾರು ಮುಂದುವರಿಯುವುದಿಲ್ಲ. ಹೋಟೆಲು ಎರಡು ಬೀದಿ ಆಚೆ ಹೋದರೆ ಹಳೆಯ ಗಿರಾಕಿಗಳೆಲ್ಲ ಹಿಂದೆಯೇ ಬರುವುದಿಲ್ಲ ಎಂಬುದನ್ನು ನಾನು ಪುಸ್ತಕಗಳಲ್ಲಿ ಕಂಡಿದ್ದೇನೆ. ಕೆಲವರು ಹುಡುಕಿಕೊಂಡು ಬರುತ್ತಾರೆ, ಉಳಿದವರು ಹಳೆಯ ಜಾಗದಲ್ಲಿ ಹೊಸದಾಗಿ ಬಂದದ್ದನ್ನೇ ತಿನ್ನುತ್ತಾರೆ. ಐದೋ ಹತ್ತೋ ವರ್ಷಕ್ಕೆ, ವರ್ಷ ವರ್ಷಕ್ಕೆ ಬಾಡಿಗೆ ಇಷ್ಟೇ ಏರಬೇಕೆಂದು ಮೊದಲೇ ಬರೆದು ನೋಂದಾಯಿಸಿದ ಗುತ್ತಿಗೆ ಮಾಡಿಕೊಡಿ ಎಂದು ನಾನು ಬಲ್ಲ ಮಾಲೀಕರನ್ನೆಲ್ಲ ಕೇಳುತ್ತಿರುತ್ತೇನೆ. ಈ ಸಭೆಯಲ್ಲಿಯೂ ಮಂಡಿಪೇಟೆ, ಅಶೋಕ ರಸ್ತೆ, ಪಿ.ಜೆ. ಬಡಾವಣೆಗಳಲ್ಲಿ ಮಳಿಗೆ ಇಟ್ಟುಕೊಂಡವರು ಕೂತಿರಬಹುದು. ಕರಡು ಪತ್ರ ನನ್ನಲ್ಲಿದೆ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದವರಿಗೆ ಕೊಡುತ್ತೇನೆ, ಅದಕ್ಕೆ ಶುಲ್ಕವಿಲ್ಲ.